ನಾನು ಕಟ್ಟಿದ ಮಣಿಕಟ್ಟು

ಇನ್ನು ಮುಂದೆ ನನ್ನ ಮನೆಯಲ್ಲಿ ಯಾರ ಮೂಳೆಯೂ ನನ್ನನ್ನು ಕೇಳದೆ ಮುರಿಯುವಂತಿಲ್ಲ! ಹೀಗೆಂದು ಘೋಷಿಸುವ ಅಧಿಕಾರ ನನಗೆ ಬಂದದ್ದು ಆಫೀಸಿನ ಪ್ರಥಮ ಚಿಕಿತ್ಸೆ ತರಬೇತಿಯಿಂದ. ಒಂದೇ ದಿನದ ತರಬೇತಿ, ಒಪ್ಪಿದೆ. ಆದರೆ ಸರ್ಟಿಫಿಕೇಟಿಗೆ ಚಿನ್ನದ ಬಣ್ಣದ ಅಂಚಿತ್ತು.

"ಮಣಿಕಟ್ಟು ಮುರಿಯೋದರಲ್ಲಿ ಮೂರು ಬಗೆ ಕಣೇ," ಎಂದು ಹೆಂಡತಿಗೆ ಪಾಠ ಶುರುಮಾಡಿದೆ. "ಅಂಗೈ ಊರಿ ಬಿದ್ದರೆ ಊಟದ ಫೋರ್ಕಿನ ಹಾಗೆ ಮೇಲಕ್ಕೆ ಉಬ್ಬುತ್ತೆ. ಕೈ ಮಡಚಿಕೊಂಡು ಬಿದ್ದರೆ ಕೆಳಕ್ಕೆ ಬಾಗುತ್ತೆ."

"ಮೂರನೇದು?"

"ಮೂರನೇದು... ಅಷ್ಟೊತ್ತಿಗೆ ಊಟದ ಗಂಟೆ ಹೊಡೀತು."

"ಇಷ್ಟಕ್ಕೇ ಇಷ್ಟು ಹಾರಾಟನಾ!" ಎಂದು ಅವಳು ಕೆಲಸಕ್ಕೆ ಹೊರಟಳು. ಕೂದಲು ಕತ್ತರಿಸುವುದು ಅವಳ ಕಸುಬು. ಬೀದಿ ತುದಿಯಲ್ಲಿ ಸ್ವಂತ ಸಲೂನ್ ತೆರೆದು ಮೂರೇ ವಾರ. ಒಂದು ದಿನ ಬಾಗಿಲು ಹಾಕಿದರೂ ಗಿರಾಕಿಗಳೆಲ್ಲ ಎದುರು ಅಂಗಡಿಗೆ ದಾಟಿಬಿಡುತ್ತಾರೆಂಬ ಭಯ ಅವಳಿಗೆ.

ಮರುದಿನ ಬೆಳಗ್ಗೆ ಬಚ್ಚಲುಮನೆಯಿಂದ ಧಡ್ ಎಂಬ ಸದ್ದು! "ಅಯ್ಯೋ, ಸತ್ತೆ!" ಸೋಪಿನ ನೀರಲ್ಲಿ ಜಾರಿದ ನನ್ನವಳು ಅಂಗೈ ಊರಿ ಬಿದ್ದಿದ್ದಳು. ಆ ನೀರು ಚೆಲ್ಲಿದ್ದು ಯಾರೆಂಬ ವಿಚಾರ ಈಗ ಬೇಡ! ಪುಣ್ಯಕ್ಕೆ ಮನೆಯಲ್ಲೇ ತಜ್ಞನಿದ್ದ. ನುಗ್ಗಿದೆ. ಮೊದಲು ಸಿಕ್ಕ ಕೈ ಹಿಡಿದು ನೋಡಿದರೆ ಮಣಿಕಟ್ಟಿನ ಮೇಲೆ ಉಬ್ಬು. ಫೋರ್ಕು! ಅಪ್ಪಟ ಫೋರ್ಕು!

"ರೀ, ಅಲ್ಲ..."

"ಅಲ್ಲಾಡಬೇಡ!"

"ಅಲ್ಲಾ ರೀ..."

"ಅಲ್ಲಾಡಬೇಡ ಅಂದೆನಲ್ಲ! ಎರಡು ಚೂರಾಗಿರೋದು ನಾಲ್ಕಾಗುತ್ತೆ!"

ದಿನಪತ್ರಿಕೆಯ ಸುರುಳಿ, ನನ್ನ ಎರಡು ಟೈ, ಏಳು ಗಂಟು, ಮೇಲೊಂದು ಸ್ಕಾರ್ಫಿನ ಜೋಲಿ! ಟ್ಯಾಕ್ಸಿಯಲ್ಲೂ ಅವಳು ಬಾಯಿ ತೆರೆದಾಗಲೆಲ್ಲ "ಅಲ್ಲಾಡಬೇಡ" ಎಂದು ಧೈರ್ಯ ತುಂಬಿದೆ. ಆದರೆ ಅವಳ ಕಣ್ಣಲ್ಲಿ ನೀರು ಕಂಡಾಗ ಮಾತ್ರ ಇನ್ನೂ ಜೋರಾಗಿ ಓಡಿಸಪ್ಪಾ ಎಂದು ಡ್ರೈವರನ ಬೆನ್ನು ತಟ್ಟಿದೆ. ಕತ್ತರಿ ಹಿಡಿಯುವ ಬಲಗೈ ಕಣ್ರೀ!

ಏಳು ಗಂಟು ಬಿಚ್ಚುವಷ್ಟರಲ್ಲಿ ಡಾಕ್ಟರು ಬೆವರಿದರು. "ಯಾರು ಕಟ್ಟಿದ್ದು ಇದನ್ನ?"

"ನಾನೇ!" ಎದೆಯುಬ್ಬಿಸಿದೆ.

"ಭರ್ಜರಿಯಾಗಿದೆ. ಆದ್ರೆ ಈ ಕೈಗೆ ಏನೂ ಆಗಿಲ್ವಲ್ಲ!"

"ಅದನ್ನೇ ಡಾಕ್ಟ್ರೇ, ಆಗಿಂದ ಬಡ್ಕೊಳ್ತಿದ್ದೀನಿ!" ಹೆಂಡತಿ ಸಿಡಿದಳು. "ಅಲ್ಲ, ಎಡಗೈ ಅನ್ನೋಕೆ ಹೋದ್ರೆ ಅಲ್ಲಾಡಬೇಡ, ಅಲ್ಲಾಡಬೇಡ! ಸರಿಯಾಗಿದ್ದ ಕೈಯನ್ನೂ ಕಟ್ಟಿಹಾಕಿದ್ರು. ಇಲ್ದಿದ್ರೆ ಅಲ್ಲೇ ಎರಡು ಬಿಡ್ತಿದ್ದೆ!"

"ಮತ್ತೆ ಆ ಉಬ್ಬು?" ಎಂದೆ, ಮೆಲ್ಲಗೆ.

"ಹುಟ್ಟಿದಾಗಿಂದ ಇದೆ! ಹನ್ನೊಂದು ವರ್ಷದ ಹಿಂದೆ ಈ ಕೈ ಹಿಡಿದ್ರಲ್ಲ, ಒಂದು ಸಲನಾದ್ರೂ ಸರಿಯಾಗಿ ನೋಡಿದ್ರಾ?"

ಡಾಕ್ಟರು ಅವಳ ಎಡಗೈಯ ಹೆಬ್ಬೆರಳ ಬುಡದ ಗುಳಿಯನ್ನು ಒತ್ತಿದರು. ಅವಳ ಕೂಗಿಗೆ ಪಕ್ಕದ ಕೋಣೆಯ ನರ್ಸ್ ಓಡಿಬಂದಳು. "ಇಲ್ಲೊಂದು ಪುಟ್ಟ ಮೂಳೆ ಇದೆ. ಮುರಿದರೆ ಉಬ್ಬೂ ಇರಲ್ಲ, ಡೊಂಕೂ ಇರಲ್ಲ. ಮೊದಲ ಎಕ್ಸ್‌ರೇಯಲ್ಲೂ ಕೆಲವು ಸಲ ಕಾಣಲ್ಲ. ಬರೀ ಉಳುಕು ಅಂತ ಬಿಟ್ಟರೆ ಆಮೇಲೆ ಕೂಡೋದೇ ಕಷ್ಟ," ಎಂದರು. ಊಟದ ಗಂಟೆಗೆ ಬಲಿಯಾದ ಮೂರನೇ ಬಗೆ! ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಹೆಬ್ಬೆರಳೂ ಸೇರಿ ಪ್ಲಾಸ್ಟರ್ ಬಿತ್ತು. ಹತ್ತು ದಿನ ಬಿಟ್ಟು ಇನ್ನೊಂದು ಎಕ್ಸ್‌ರೇ ಎಂದರು.

"ನನ್ನ ಅಂಗಡಿ ಗತಿ? ಬಾಚಣಿಗೆ ಯಾರು ಹಿಡೀತಾರೆ?" ಅವಳು ಪ್ಲಾಸ್ಟರಿನ ಕೈಯೆತ್ತಿ ಕೇಳಿದಳು. ಡಾಕ್ಟರು ನನ್ನನ್ನು ನೋಡಿದರು, ನರ್ಸ್ ನೋಡಿದಳು, ಅವಳೂ ನೋಡಿದಳು. ಮಣಿಯದೆ ಬೇರೆ ದಾರಿಯಿರಲಿಲ್ಲ. ಆಫೀಸಿಗೆ ರಜೆ ಬರೆದೆ.

ಈಗ ಸಲೂನಿನಲ್ಲಿ ನಾನು ಬಾಚಣಿಗೆಯಿಂದ ಕೂದಲೆತ್ತಿ ಹಿಡಿಯುತ್ತೇನೆ, ಅವಳು ಕಚಕ್ ಎಂದು ಕತ್ತರಿಸುತ್ತಾಳೆ. "ಇನ್ನೊಂಚೂರು ಮೇಲೆ! ಅಯ್ಯೋ, ಅವರ ಕಿವಿ ಬಿಡ್ರೀ!"

ಮೊನ್ನೆ ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸಿ ಕೇಳಿದರು, "ಯಾರಮ್ಮ ಇವರು? ನಿನ್ನ ಬಲಗೈ ಬಂಟನಾ?"

"ಛೆ, ಛೆ! ಬಲಗೈ ಗಟ್ಟಿಯಾಗೇ ಇದೆ ಅಜ್ಜಿ," ಎಂದಳು ನನ್ನವಳು. "ಇವರು ಎಡಗೈ. ಪ್ಲಾಸ್ಟರ್ ಬಿಚ್ಚೋ ತನಕ ಮಾತ್ರ!"