ಚೀಲದ ನಡುಮಧ್ಯಕ್ಕೆ ಕೈ ಹಾಕುವ ಮಾವ

ನಮ್ಮ ಸೋದರಮಾವನ ಎದುರಿಗೆ ಮುಚ್ಚಳವಿರುವ ಯಾವ ಪದಾರ್ಥವನ್ನೂ ಇಡಬಾರದು. ಇಟ್ಟಿರೋ, ಕೆಟ್ಟಿರಿ! ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಿಂದ ಅವರು ಸ್ಕ್ರೂಡ್ರೈವರ್ ತೆಗೆಯುತ್ತಾರೆ. ನಮ್ಮನೆಯ ಗಡಿಯಾರ, ರೇಡಿಯೋ, ಮಿಕ್ಸಿ ಎಲ್ಲಕ್ಕೂ ಅವರ ಕೈಯಲ್ಲಿ ಒಮ್ಮೆಯಾದರೂ ಪೋಸ್ಟ್‌ಮಾರ್ಟಮ್ ಆಗಿದೆ. ಕೆಲವು ಬದುಕಿಕೊಂಡವು.

ತಪ್ಪು ಅವರದಲ್ಲ, ಕಸುಬಿನದು. ಮಾವ ಕೊಬ್ಬರಿ ವ್ಯಾಪಾರಿ. ನಮ್ಮ ತಿಪಟೂರಿನ ಉಂಡೆ ಕೊಬ್ಬರಿ ವರ್ಷಪೂರ್ತಿ ಅಟ್ಟದ ಮೇಲೆ ಒಣಗಿ ಇಳಿಯುತ್ತದೆ. ಹೊರಗಿನಿಂದ ಎಲ್ಲವೂ ಲಕ್ಷಣವೇ. ಒಳಗೆ ಬೂಸ್ಟು ಹಿಡಿದಿದೆಯೋ ಇಲ್ಲವೋ ಒಡೆದವನಿಗೇ ಗೊತ್ತು. ಹಾಗಾಗಿ ಮಾರುವವನು ಆರಿಸಿಕೊಟ್ಟ ಕೊಬ್ಬರಿಯನ್ನು ಮಾವ ಮುಟ್ಟುವುದೇ ಇಲ್ಲ. ಚೀಲದ ನಡುಮಧ್ಯಕ್ಕೆ ಮೊಣಕೈವರೆಗೂ ಕೈ ಇಳಿಸಿ, ತಾವೇ ಒಂದನ್ನು ಎಳೆದು, ಒಡೆದು, ಮೂಸಿ, ಆಮೇಲೆ ಮಾತು.

ಕೊಬ್ಬರಿ ಮಂಡಿಯ ವ್ಯಾಪಾರದಲ್ಲಿ ಇದೆಲ್ಲ ಸರಿ. ಹೆಣ್ಣು ನೋಡುವ ಶಾಸ್ತ್ರದಲ್ಲಿ? ನನ್ನನ್ನು ನೋಡಲು ತುರುವೇಕೆರೆಯಿಂದ ಗಂಡಿನವರು ಬಂದು, ಉಪ್ಪಿಟ್ಟು ತಿಂದು, ಎಲ್ಲ ಒಪ್ಪಿಗೆ ಎನ್ನುವಷ್ಟರಲ್ಲಿ ಮಾವ ಹುಡುಗನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಎಲ್ಲಿ, ಒಂಚೂರು ಬಾಯಿ ಆ ಅನ್ನಿ" ಅಂದುಬಿಟ್ಟರು!

"ಲೇ, ಅವ್ರು ಗಂಡು ಕಣೋ, ಹೋರಿ ಅಲ್ಲ!" ಎಂದು ಅಮ್ಮ ಕಿರುಚಿದಳು.

"ಹೋರಿನೇ ನೋಡ್ಕೊಂಡು ತತ್ತೀವಿ, ಅಳಿಯನ್ನ ನೋಡೋದು ಬ್ಯಾಡ್ವೇನಕ್ಕಯ್ಯ?"

ನಾನು ನಾಚಿಕೆಯಿಂದ ಒಳಗೆ ಹೋದವಳು ಹೊರಗೆ ಬರಲಿಲ್ಲ. ಮದುವೆಯೇನೋ ಆಯಿತು. ನಮ್ಮವರು ಮಾತ್ರ ಇವತ್ತಿಗೂ ಮಾವನ ಎದುರಿಗೆ ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ.

ಇಂಥವರು ಮಂಡಿಯ ಲೆಕ್ಕಕ್ಕೆಂದು ಕಂಪ್ಯೂಟರ್ ತಂದರೆ ಕೇಳಬೇಕೇ? ಪೆಟ್ಟಿಗೆ ಬಿಚ್ಚಿದ್ದಾಯಿತು, ಅದರೊಳಗೆ ಹಲ್ಲಿ ಸಂಸಾರ ಹೂಡಿದ್ದೂ ಆಯಿತು. ಆಮೇಲೆ ಲೆಕ್ಕದ ಪ್ರೋಗ್ರಾಮನ್ನೂ ಬಿಚ್ಚಿ ತೋರಿಸು ಎಂದು ಮಾರಿದವನ ಬೆನ್ನು ಹತ್ತಿದರು. ಅವನು, "ಅದು ನೋಡೋ ಹಂಗಿಲ್ಲ ಯಜಮಾನ್ರೇ, ಕಂಪನಿ ಗುಟ್ಟು" ಎಂದ. "ದುಡ್ಡು ನಂದು, ಗುಟ್ಟು ಅವಂದಾ?" ಅಂದಿನಿಂದ ಕ್ಷೌರದಂಗಡಿ, ಹೋಟೆಲು, ಸಾವಿನ ಮನೆ ಎನ್ನದೆ ಎಲ್ಲ ಕಡೆ, ಪ್ರೋಗ್ರಾಮ್ ಮಾಡಿದ ಆ ದೊಡ್ಡ ಕಂಪನಿಗೆ ಬೈಗುಳದ ಅರ್ಚನೆ.

ಬೈಯುತ್ತಿದ್ದವರು ಮಾವ ಒಬ್ಬರೇ ಅಲ್ಲವೆನ್ನಿ. ಪೇಪರಿನವರೂ ಇದೇ ಗುಟ್ಟಿಗಾಗಿ ಬೈದು ಬೈದು ಕಂಪನಿಯ ಹೆಸರು ಕೆಟ್ಟಿತ್ತು. ಆಗ ಅದಕ್ಕೆ ಇದ್ದಕ್ಕಿದ್ದಂತೆ ಜ್ಞಾನೋದಯ! ನಮ್ಮದು ಇನ್ನು ತೆರೆದ ಮನೆ, ನಮ್ಮಲ್ಲಿ ಗುಟ್ಟಿಲ್ಲ ಎಂದು ಸಾರುತ್ತಾ ಊರೂರಿನ ಕಾಲೇಜುಗಳಿಗೆ ಬರತೊಡಗಿತು. ನಾನು ಕಂಪ್ಯೂಟರ್ ಪಾಠ ಮಾಡುತ್ತಿದ್ದ ಕಾಲೇಜಿಗೂ ಬರುತ್ತೇವೆಂದಿತು. ಬಂದು, ಸಭೆ ಚೆನ್ನಾಗಿ ನಡೆದರೆ ಲ್ಯಾಬಿಗೆ ಹತ್ತು ಕಂಪ್ಯೂಟರ್ ಕೊಡುವುದಾಗಿಯೂ ಹೇಳಿತು. ನಮ್ಮ ಲ್ಯಾಬಿನಲ್ಲೋ, ಒಬ್ಬ ಕೀಲಿ ಒತ್ತಿದರೆ ಮಿಕ್ಕವರು ಅವನ ಹೆಗಲ ಮೇಲಿಂದ ನೋಡಿ ಪಾಸಾಗಬೇಕು. ಆ ಕಂಪ್ಯೂಟರುಗಳಿಗಾಗಿ ನಾನು ಹರಕೆ ಹೊರುವುದೊಂದು ಬಾಕಿ.

"ಮೇಡಂ, ನಿಮ್ಮ ಮಾವನವರಿಗೆ ವಿಷಯ ಗೊತ್ತಾಗೋದು ಬೇಡ" ಎಂದರು ಪ್ರಿನ್ಸಿಪಾಲರು. ನನಗೂ ಅದೇ ಭಯ. ಬೇಕೆಂದೇ ಕೊಬ್ಬರಿ ಹರಾಜಿನ ದಿನ ಸಭೆ ಇಟ್ಟುಕೊಂಡೆವು. ಮಾವ ಹರಾಜು ಬಿಟ್ಟು ಬಂದರು! ಮುಂದಿನ ಸಾಲಿನಲ್ಲಿ, ಹೆಗಲ ಮೇಲೆ ಟವೆಲ್ಲು, ಮೈಮೇಲೆ ಚೀಲದ ಧೂಳು.

ಕಂಪನಿಯ ಅಧಿಕಾರಿ ಸಿ.ಡಿ. ಎತ್ತಿ ಹಿಡಿದು, "ಇದರಲ್ಲಿರೋ ಪ್ರೋಗ್ರಾಮನ್ನ ಯಾರು ಬೇಕಾದರೂ ಬಿಚ್ಚಿ ನೋಡಬಹುದು!" ಎಂದರು. ಚಪ್ಪಾಳೆ. ಮಾವ ಎದ್ದರು.

"ಇದುನ್ನ ಆರ್ಸಿದ್ದು ಯಾರು ಸ್ವಾಮಿ?"

"ನಾವೇ."

"ಮಾರೋನು ಆರ್ಸಿ ಕೊಟ್ಟುದ್ದ ನಾವು ಒಡೆಯಾಕಿಲ್ಲ. ನಾವೇ ಕೈ ಹಾಕ್ಬೇಕು. ನನ್ ಲೆಕ್ಕದ ಪ್ರೋಗ್ರಾಮ್ ಐತಲ್ಲ, ಅದುನ್ನ ಬಿಚ್ಚಿ ನೋಡಾನ!"

"ಅದು... ಅದು ಮಾರಾಟದ್ದು, ಯಜಮಾನ್ರೇ."

"ಅಂಗಾರೆ ತೆಗ್ದಿರೋದು ಮನೆ ಅಲ್ಲ, ಜಗಲಿ ಅನ್ನಿ!"

ಹುಡುಗರು ಬೆಂಚು ಗುದ್ದಿ ನಕ್ಕರು. ಅಧಿಕಾರಿಯ ಮುಖ ಕೆಂಪಾಯಿತು. ಪಕ್ಕದಲ್ಲಿದ್ದ ಯಾರೋ ಅವರ ಕಿವಿಯಲ್ಲಿ ಏನೋ ಉಸುರಿದರು. ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಕೇಳಿದರು, "ಮೇಡಂ, ಇವರು ನಿಮ್ಮ ಕಡೆಯವರಂತೆ, ಹೌದಾ?"

ಹತ್ತು ಕಂಪ್ಯೂಟರುಗಳೂ ಬಾಗಿಲ ಕಡೆ ನಡೆದುಹೋಗುತ್ತಿರುವಂತೆ ಅನ್ನಿಸಿತು. ನಾಚಿಕೆಗೆ ಕತ್ತು ಮೇಲೇಳಲಿಲ್ಲ. ನಾನು ಬಾಯಿ ತೆರೆಯುವ ಮೊದಲು ಮಾವ ನನ್ನ ಮುಖವನ್ನೊಮ್ಮೆ ನೋಡಿದರು.

"ಇಲ್ಲ ಬುಡಿ ಸ್ವಾಮಿ. ಈ ಯಮ್ಮ ಯಾರೋ ನಂಗೊತ್ತಿಲ್ಲ. ಬಿಸ್ಲು ಅಂತ ಫ್ಯಾನ್ ಕೆಳಗೆ ಬಂದು ಕುಂತೆ. ನಾನೊಬ್ಬ ಅರೆಮಳ್ಳ, ನನ್ ಮಾತಿಗೆ ಈ ಮಕ್ಕಳ ಕಂಪ್ಯೂಟರ್ ನಿಲ್ಸಬ್ಯಾಡಿ."

ಕೈ ಮುಗಿದು ಹೊರಟೇಹೋದರು. ಹುಟ್ಟಿದಾಗಿನಿಂದ ನೋಡಿದ್ದೇನೆ, ಮಾವ ಸುಳ್ಳು ಹೇಳಿದ್ದನ್ನು ಅವತ್ತೇ ಮೊದಲು ಕೇಳಿದ್ದು. ಅಧಿಕಾರಿ ನಕ್ಕು ಸಿ.ಡಿ.ಯನ್ನು ಮತ್ತೆ ಮೇಜಿನ ಮೇಲಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ಹೊತ್ತು ಮಾವನಿಂದಾಗಿ ನಾಚುತ್ತಿದ್ದೆ. ಈಗ ನನ್ನ ಮೇಲೇ ಹೇಸಿಗೆಯಾಯಿತು.

ವಂದನಾರ್ಪಣೆ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ಮಾವನ ಊರಿಗೆ ಹೋಗುವ ನೊಣವಿನಕೆರೆ ಬಸ್ಸು ಹೊರಡುವುದರಲ್ಲಿತ್ತು, ಹತ್ತಿದೆ. ಮಾವ ಕಿಟಕಿ ಪಕ್ಕ ಕೂತಿದ್ದವರು ನನ್ನನ್ನು ಕಂಡು ಗಾಬರಿಯಾಗಿ, "ಕೊಡ್ತಾರಂತಾ ಕಣವ್ವ?" ಎಂದು ಪಿಸುಗುಟ್ಟಿದರು, ಯಾರಿಗೂ ಕೇಳಿಸದ ಹಾಗೆ.

"ಕೊಡ್ತಾರಂತೆ, ಮಾವ" ಎಂದೆ, ಇಡೀ ಬಸ್ಸಿಗೆ ಕೇಳಿಸುವ ಹಾಗೆ. ಆಮೇಲೆ ಟಿಕೆಟ್ ಕೇಳಲು ಬಂದ ಕಂಡಕ್ಟರಿಗೆ, "ಇವರು ನಮ್ಮ ಮಾವ ಕಣ್ರೀ. ನಮ್ಮಮ್ಮನ ಸ್ವಂತ ತಮ್ಮ" ಎಂದೆ.

"ಆಗ್ಲಿ ಕಣಮ್ಮ, ನಿಮ್ಗೆ ಎಲ್ಲಿಗೆ ಕೊಡ್ಲಿ?" ಎಂದ ಆತ.

ಮಾವ ಟವೆಲ್ಲಿನಿಂದ ಪಕ್ಕದ ಸೀಟಿನ ಧೂಳು ಒರೆಸುತ್ತಿದ್ದರು.