ಏರಿಯಲ್ ಮೇಲಿನ ಶ್ಯಾವಿಗೆ

ನನಗೆ ಆಗ ಅರವತ್ತೆರಡು. ಹತ್ತು ವರ್ಷದ ಹಿಂದಿನ ಮಾತು. ವಯಸ್ಸನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ, ಕಬ್ಬಿನ ಬದುವಿನ ಮೇಲೆ ಕುಳಿತು ಡಬ್ಬಿ ಬಡಿದವಳು ಯಾರೋ ಲಂಗ ತೊಟ್ಟ ಹುಡುಗಿ ಇರಬೇಕು ಎಂದು ಓದಿದವರು ತಿಳಿದಾರು. ನಾನು ಮೂರನೇ ಇಯತ್ತೆವರೆಗೆ ಕಲಿತವಳು. ಅಕ್ಷರ ಕೂಡಿಸಿ ಬರೆಯುತ್ತೇನೆ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಳ್ಳಿ, ನಿಮಗೂ ಒಂದು ಕೆಲಸವಾಗುತ್ತದೆ.

ಗಂಡಸರಿಗೆ ಏನಾದರೊಂದು ಚಟ ಇರುತ್ತದೆ. ಕೆಲವರ ಚಟ ಬಾಯಿಗೆ, ಕೆಲವರದು ಕೈಗೆ. ನಮ್ಮ ಮನೆಯವರದು ಕಿವಿಗೆ. ನಮ್ಮೂರು ತಂಬೂರಿನಲ್ಲಿ ಹೊಲ ಮನೆ ಎಲ್ಲ ಸರಿಯಾಗಿ ನೋಡಿಕೊಂಡವರೇ. ಆದರೆ ಹೊತ್ತು ಮುಳುಗುವ ವೇಳೆಗೆ ರೇಡಿಯೋದ ಮುಂದೆ ಕುಳಿತರೆ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ. ಅದೂ ಹತ್ತಿರದ ಸ್ಟೇಶನ್ ಆಗಬಾರದು. ಮಾತು ತಿಳಿದರೆ ಅವರಿಗೆ ರುಚಿ ಇಲ್ಲ. ಎಣ್ಣೆಯಲ್ಲಿ ಮೆಣಸಿನಕಾಯಿ ಹುರಿದ ಹಾಗೆ ಚುರ್ ಅನ್ನುವ ಸದ್ದಿನೊಳಗಿಂದ ಯಾರೋ ಗೊಣಗಬೇಕು, ಅವರು ಯಾವ ದೇಶದವರು ಎಂದು ಇವರು ಪತ್ತೆ ಹಚ್ಚಬೇಕು. ಹಚ್ಚಿದ ಮೇಲೆ 'ನಿಮ್ಮ ದನಿ ನಮ್ಮೂರಿಗೆ ಮುಟ್ಟಿತು' ಎಂದು ಕಾಗದ ಬರೆದರೆ ಅವರು ಚಿತ್ರದ ಕಾರ್ಡು ಕಳಿಸುತ್ತಾರೆ. ಸಮುದ್ರ, ಹಿಮದ ಗುಡ್ಡ, ಉದ್ದ ಕೊಂಬಿನ ದನ. ಮಕ್ಕಳು ದೊಡ್ಡವರಾದ ಮೇಲೆ ಅಟ್ಟ ಏರಿದ್ದ ಬಣ್ಣದ ತೊಟ್ಟಿಲಲ್ಲಿ ಈಗ ಆ ಕಾರ್ಡುಗಳೇ ಮಲಗಿವೆ. ಅವಕ್ಕೆ ಹಾಲು ಕುಡಿಸುವ ಕೆಲಸವಿಲ್ಲ, ಅಷ್ಟೇ ಸಮಾಧಾನ.

ಈ ಚಟಕ್ಕೆ ಮುಖ್ಯವಾಗಿ ಬೇಕಾದದ್ದು ಏನು? ಗುಡಗೇರಿಯಿಂದ ಇದೇ ಚಟದ ಒಬ್ಬ ಮಾಸ್ತರರು ಬರುತ್ತಿದ್ದರು. ಅವರು ಬಂದರೆ ಇಬ್ಬರಿಗೂ ಇದೇ ವಾದ. "ಮುಖ್ಯ ಅಂದ್ರ ಸೆಟ್ಟು ನೋಡ್ರಿ" ಎಂದು ಅವರು. "ಸೆಟ್ಟು ಏನ್ ಮಾಡತೈತ್ರಿ, ಏರಿಯಲ್ ಬೇಕು ಏರಿಯಲ್" ಎಂದು ಇವರು. ಮುಖ್ಯವಾಗಿ ಬೇಕಾದದ್ದು ಚಹಾ ಎಂದು ನನಗೆ ತೋರುತ್ತಿತ್ತು. ಯಾಕೆಂದರೆ ವಾದ ಮುಗಿಯುವುದರೊಳಗೆ ನಾನು ಒಲೆಯ ಮುಂದೆ ಮತ್ತೆ ಮತ್ತೆ ಹೋಗಿ ಬರುತ್ತಿದ್ದೆ.

ಆ ವರ್ಷ ಚಟಕ್ಕೆ ಅವಸರ ಬಂದಿತ್ತು. ಹುಬ್ಬಳ್ಳಿಯ ಡಾಕ್ಟರು ಇವರ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಹೊರಟಿದೆ ಎಂದು ಹೇಳಿ ಕಳಿಸಿದ್ದರು. ನಾನು ಬಲಗಿವಿಗೇ ಬಾಯಿ ಹಚ್ಚಿ ಒದರಿದರೆ ಮಾತ್ರ ಕೇಳುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಸದ್ದನ್ನು ಪೂರಾ ಏರಿಸಿದರೆ ರೇಡಿಯೋನೂ ಕೇಳುತ್ತಿತ್ತು. ಹೊರಗೆ ಸೋರಿದ್ದು ಅಡಿಗೆ ಮನೆಯಲ್ಲಿ ನನಗೂ ಕೇಳುತ್ತಿತ್ತು. ದೊಡ್ಡ ಸಮುದ್ರದ ನಟ್ಟನಡುವೆ ಒಂದು ನಡುಗಡ್ಡೆ ಇದೆಯಂತೆ, ಅದರದೊಂದು ಸಣ್ಣ ಸ್ಟೇಶನ್. ಮೀಸೆ ಕರಿ ಇದ್ದಾಗಿನಿಂದ ಇವರು ಅದರ ಬೆನ್ನು ಹತ್ತಿದ್ದರು. "ಕಿವಿ ಮುಚ್ಚೂದ್ರಾಗ ಅದೊಂದು ಕೇಳಿಬಿಟ್ರ ಸಾಕು ನೋಡು" ಅಂದಿದ್ದರು ಒಮ್ಮೆ, ಊಟ ಮಾಡುತ್ತ, ನನ್ನ ಮುಖ ನೋಡದೆ. ನಾನು ಇನ್ನೊಂದು ರೊಟ್ಟಿ ಬಡಿಸಿದೆ.

ಬೇಸಿಗೆಯಲ್ಲಿ ಶ್ಯಾವಿಗೆ ಮಾಡಿದೆವು. ನೀಲವ್ವ ಬಂದಿದ್ದಳು. ಅವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಬಾಜೂಕೇ ಮನೆ, ನಮ್ಮ ಹಿತ್ತಲಿಗೆ ಹತ್ತಿಕೊಂಡೇ ಅವಳ ಕಬ್ಬಿನ ಹೊಲ. ಹಿಟ್ಟು ನಾದಿದ್ದು ಹೆಚ್ಚಾಯಿತು. ಶ್ಯಾವಿಗೆ ಹಾಕುವ ಕೋಲುಗಳೆಲ್ಲ ತುಂಬಿದವು. ತಲೆ ಎತ್ತಿ ನೋಡಿದರೆ ಅಂಗಳದ ಮೇಲೆ ಮನೆಯಿಂದ ಬೇವಿನ ಗಿಡದವರೆಗೆ ಏರಿಯಲ್ ತಂತಿ ಸುಮ್ಮನೆ ನಿಂತಿದೆ. ಗಿಡದ ಕಡೆ ಹಗ್ಗ ಸಡಿಲು ಮಾಡಿ ಕೈಗೆ ಸಿಗುವಷ್ಟು ಇಳಿಸಿ, ಅದರ ಮೇಲೆ ಹಾಕಿದೆವು. ಮತ್ತೂ ಉಳಿಯಿತು. ನೀಲವ್ವ ತನ್ನ ಕಬ್ಬಿನ ಬೇಲಿಯ ಮೇಲೆ ಹಾಕಿದಳು. ಹಂದಿ ಬರದಿರಲೆಂದು ಕಬ್ಬಿನ ಸುತ್ತ ತಂತಿ ಬಿಗಿದು ಕರೆಂಟಿನ ಪೆಟ್ಟು ಕೊಡುವ ಝಟಕಾ ಮಷಿನ್ ಇಟ್ಟಿದ್ದಳು. ದಿನಾ ದನ ಮನೆಗೆ ಬರುವ ವೇಳೆಗೆ ಚಾಲೂ ಮಾಡಿದರೆ ಅದು ಬೆಳಗಿನವರೆಗೆ ಟಕ್, ಟಕ್ ಅನ್ನುತ್ತಿತ್ತು. ಶ್ಯಾವಿಗೆ ಹಾಕಿದ್ದರಿಂದ ಆವತ್ತು ಅದನ್ನು ಚಾಲೂ ಮಾಡಲಿಲ್ಲ.

ಇವರು ಹೊಲದಿಂದ ಬಂದವರು ತಂತಿ ನೋಡಿ ನಿಂತಲ್ಲೇ ನಿಂತರು. "ಲೇ, ಏನ್ ಮಾಡೀದಿ ಇದು? ಏರಿಯಲ್ ಮ್ಯಾಲೆ ಶ್ಯಾವಿಗಿ ಹಾಕೀದಿ?"

"ತಂತಿ ಅಂದ್ರ ಒಣಗಸಾಕ ಇರೂದ್ರಿ. ಮುಂಜಾನೆ ತಗೀತೇನಿ, ಒಂದು ದಿನ ಸುಮ್ನ ಇರ್ರಿ."

ಸುಮ್ಮನೆ ಎಲ್ಲಿ ಇರುತ್ತಾರೆ? ಬೈಯುತ್ತಲೇ ಹೋಗಿ ಹೆಡ್‌ಫೋನ್ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಬೈಗುಳ ನಿಂತಿತು. ಮತ್ತೆ ಸ್ವಲ್ಪ ಹೊತ್ತಿಗೆ ಅಡಿಗೆ ಮನೆಗೇ ಓಡಿ ಬಂದರು. "ಬಂತು! ಆ ನಡುಗಡ್ಡಿದು! ಹಾಡು ಬಂತು!" ಕಣ್ಣು ಹುಡುಗರ ಕಣ್ಣಿನ ಹಾಗೆ ಆಗಿತ್ತು. ನಾನೂ ಖುಷಿಪಟ್ಟೆ, ಶ್ಯಾವಿಗೆಯ ಸಿಟ್ಟು ಹೋಯಿತಲ್ಲ ಎಂದು. ಆದರೆ ಮುಖ ಮತ್ತೆ ಇಳಿಯಿತು. "ಹೆಸರು ಹೇಳೂದ್ರಾಗ ಮುಳುಗಿಹೋತು. ಸ್ಟೇಶನ್‌ನವ್ರು ತಮ್ಮ ಹೆಸರು ತಾವ ಹೇಳಬೇಕು, ಅದನ್ನ ನಾವು ಕೇಳಬೇಕು. ಹೆಸರು ಕೇಳಲಿಲ್ಲ ಅಂದ್ರ ಲೆಕ್ಕಕ್ಕಿಲ್ಲ."

"ಹಂಗಾರ ನೀವೂ ಲೆಕ್ಕಕ್ಕಿಲ್ಲ ಬಿಡ್ರಿ" ಅಂದೆ. "ಲಗ್ನ ಆದಾಗಿಂದ ನನ್ನ ಬಾಯಾಗ ನಿಮ್ಮ ಹೆಸರು ಎಲ್ಲಿ ಕೇಳೀರಿ?"

ನಮ್ಮ ಕಡೆ ಗಂಡನ ಹೆಸರನ್ನು ಬರೀ ಬಾಯಿಂದ ಎತ್ತುವುದಿಲ್ಲ. ಲಗ್ನದಲ್ಲಿ, ಬಸಿರಿಯ ಕುಬಸದಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ ಕಾಡಿದರೆ ಪ್ರಾಸ ಕೂಡಿಸಿ ಒಡಪು ಕಟ್ಟಿ, ಅದರ ಬಾಲಕ್ಕೆ ಹೆಸರು ಸಿಕ್ಕಿಸಿ ಮುಖ ಮುಚ್ಚಿಕೊಳ್ಳುತ್ತೇವೆ. ಇಲ್ಲಿಯೂ ಬರೆಯುವುದಿಲ್ಲ, ಹುಡುಕಬೇಡಿ.

ಮರುದಿನದಿಂದ ಹೊಸ ಪಾಡು. ಶ್ಯಾವಿಗೆ ಒಣಗಿದೆ ಎಂದು ತಂತಿ ಬರಿದು ಮಾಡಿದೆ. ಆ ಸಂಜೆ ನಡುಗಡ್ಡೆ ಬರಲಿಲ್ಲ. ಮರು ಸಂಜೆಯೂ ಇಲ್ಲ. ಇವರು ಯೋಚಿಸಿ ಯೋಚಿಸಿ ನನ್ನ ಹತ್ತಿರ ಬಂದರು. "ಮತ್ತ ಶ್ಯಾವಿಗಿ ಮಾಡ್ತಿ ಏನು?"

"ಯಾಕ್ರೀ, ಯಾರರ ಬೀಗರು ಬರಾಕತ್ತಾರೇನು?"

"ಬೀಗರಿಗಲ್ಲ, ಏರಿಯಲ್‌ಗೆ. ಹಸಿ ಶ್ಯಾವಿಗಿ ಇದ್ದಾಗ ಬಂದಿತ್ತು."

ಗುಡಗೇರಿ ಮಾಸ್ತರರನ್ನು ಕೇಳಿದರೆ ಅವರಾದರೂ ಬುದ್ಧಿ ಹೇಳಬಾರದೆ? "ಉಪ್ಪು ಹಾಕಿದ್ರೇನವ್ವಾ ಹಿಟ್ಟಿಗೆ? ಉಪ್ಪು ನೀರಿನ್ಯಾಗ ಕರೆಂಟು ಚಲೋ ಹರೀತೈತಿ" ಎಂದು ಗಡ್ಡ ಕೆರೆದರು. ಮತ್ತೆ ನಾದಿದೆ. ಉಪ್ಪು ಹೆಚ್ಚು ಹಾಕಿ ನಾದಿದೆ. ತಂತಿ ಇನ್ನಷ್ಟು ಇಳಿಸಿ ಹಾಕಿದೆ. ನಡುಗಡ್ಡೆಯವರಿಗೆ ನಮ್ಮ ಶ್ಯಾವಿಗೆ ಸೇರಲಿಲ್ಲ. ಮನೆಯಲ್ಲಿ ಮಾತ್ರ ಮುಂಜಾನೆ ಶ್ಯಾವಿಗೆ ಉಪ್ಪಿಟ್ಟು, ರಾತ್ರಿ ಹಾಲು ಶ್ಯಾವಿಗೆ; ಬಂದವರ ಉಡಿಯಲ್ಲಿಯೂ ಶ್ಯಾವಿಗೆ. ಕರೀ ಮೋಡ ಕಂಡ ದಿನವೂ ಒಬ್ಬ ಮುದುಕಿ ಅಂಗಳದಲ್ಲಿ ಶ್ಯಾವಿಗೆ ಹಾಕುತ್ತಿದ್ದರೆ ಊರಿನವರು ಏನು ತಿಳಿಯಬೇಕು? ಬೈದುಕೊಳ್ಳುತ್ತ ಮಾಡಿದೆ. ಅವರ ಬಲಗಿವಿ ನೋಡಿದರೆ ಬೈಗುಳವೂ ಪೂರಾ ಬರುತ್ತಿರಲಿಲ್ಲ.

ಒಂದು ಸಂಜೆ ಇವರು ಹೆಡ್‌ಫೋನ್ ಕೆಳಗಿಟ್ಟು ಅಂದರು, "ಇನ್ನೊಂದು ವಿಚಿತ್ರ ಹೇಳ್ಲೇನ? ನಡುಗಡ್ಡಿ ಬಂದ ದಿನ ಗಡಿಯಾರದ ಸ್ಟೇಶನ್ ಬಂದ್ ಇತ್ತು."

ಗಡಿಯಾರದ ಸ್ಟೇಶನ್ ಎಂದರೆ ಇವರ ದೊಡ್ಡ ಅಭಿಮಾನದ ವಿಷಯ. ಯಾವುದೋ ದೇಶದವರು ಜಗತ್ತಿಗೆಲ್ಲ ಟೈಮ್ ತಿಳಿಸಲು ಹಗಲೂ ರಾತ್ರಿ ಟಕ್ ಟಕ್ ಎಂದು ಬಿಡುತ್ತಾರಂತೆ. ರೇಡಿಯೋದ ಮುಳ್ಳು ಎಲ್ಲಿ ತಿರುವಿದರೂ ಸಂಜೆ ಅದೇ ಬರುತ್ತಿತ್ತು. "ಭಾಳ ದೊಡ್ಡ ಸ್ಟೇಶನ್, ಎಲ್ಲಾ ಕಡೆ ಬರತೈತಿ" ಎನ್ನುತ್ತಿದ್ದರು. ಅದಕ್ಕೆ ಹೊಂದಿಸಿ ಗೋಡೆ ಗಡಿಯಾರವನ್ನೂ ತಿದ್ದುತ್ತಿದ್ದರು. ನಮ್ಮ ಗಡಿಯಾರ ಊರಿನ ಯಾವ ಗಡಿಯಾರಕ್ಕೂ ಕೂಡುತ್ತಿರಲಿಲ್ಲ. ತಪ್ಪು ಊರಿನದು ಎಂದು ಇವರ ತೀರ್ಮಾನ.

ಕೆಳಗಿಟ್ಟ ಹೆಡ್‌ಫೋನಿನಿಂದ ಟಕ್, ಟಕ್ ಸೋರುತ್ತಿತ್ತು. ಮುಸುರಿ ಚೆಲ್ಲಲು ಹಿತ್ತಲ ಬಾಗಿಲು ತೆಗೆದೆ. ನೀಲವ್ವನ ಮಷಿನ್ನೂ ಟಕ್, ಟಕ್. ಒಳಗೆ ಟಕ್, ಹೊರಗೆ ಟಕ್, ಎರಡೂ ಕೂಡಿಯೇ. ಮುಸುರಿ ಕೈಯಲ್ಲೇ ಉಳಿಯಿತು. ಇವರನ್ನು ಕೈಹಿಡಿದು ಎಬ್ಬಿಸಿ, ಬಲಗಿವಿಗೆ ಒದರಿದೆ. "ನಿಮ್ಮ ದೊಡ್ಡ ಸ್ಟೇಶನ್ ನೀಲವ್ವನ ಕಬ್ಬಿನ್ಯಾಗ ಐತ್ರಿ! ಆವತ್ತು ಶ್ಯಾವಿಗಿ ಸಲುವಾಗಿ ಆಕಿ ಅದನ್ನ ಹಚ್ಚಿದ್ದಿಲ್ಲ, ಅದಕ್ಕ ನಡುಗಡ್ಡಿ ಬಂತು!"

ಹೆಡ್‌ಫೋನ್ ಎತ್ತಿ ಒಮ್ಮೆ ಬಲಗಿವಿಗೆ ಹಚ್ಚಿಕೊಂಡು ಕೆಳಗಿಟ್ಟರು. ಆಮೇಲೆ ಗೋಡೆ ನೋಡಿ, "ಅಂದ್ರ ನಮ್ಮ ಗಡಿಯಾರ ಇಷ್ಟು ದಿನ ಹಂದಿ ಕಾಯಾಕತ್ತಿತ್ತೇನ?" ಅಂದರು.

ಹಾಗಾಗಿ ಈ ಚಟಕ್ಕೆ ಮುಖ್ಯವಾದದ್ದು ಸೆಟ್ಟೂ ಅಲ್ಲ, ಏರಿಯಲ್ಲೂ ಅಲ್ಲ, ನೆಗೆಣ್ಣಿ. ಸಮುದ್ರದಾಚೆಯವರು ಎಷ್ಟು ಒದರಿದರೂ ಬಾಜೂ ಮನೆಯವಳು ಮನಸ್ಸು ಮಾಡದಿದ್ದರೆ ಕೇಳಿಸುವುದಿಲ್ಲ. ಸಂಜೆ ಮಷಿನ್ ಬಂದ್ ಇಡು ಎಂದು ಹೋಗಿ ಕೇಳಿದೆ. ನೀಲವ್ವ ಸೊಂಟದ ಮೇಲೆ ಕೈ ಇಟ್ಟಳು.

"ಚಲೋ ಹೇಳ್ತಿ ಯಕ್ಕಾ! ಶ್ಯಾವಿಗಿ ದಿನ ಒಂದು ರಾತ್ರಿ ಬಂದ್ ಇದ್ದದ್ದಕ್ಕ ಹಂದಿ ಹೊಕ್ಕು ಒಂದು ಬಾಜೂ ಕಬ್ಬು ಮಲಗಿಸಿ ಹೋದ್ವು. ನಿಮ್ಮ ರೇಡಿಯೋಕ್ಕ ನಾ ಕಬ್ಬು ಬಲಿ ಕೊಡ್ಲೇನ?"

"ರಾತ್ರಿಯೆಲ್ಲಾ ಬ್ಯಾಡ. ಅವ್ರು ಕೇಳಿ ಮುಗಸೂ ತನಕ. ಹಂದಿ ನಾ ಕಾಯ್ತೇನಿ."

"ನೀನು? ಹಂದಿ ಬಂದ್ರ ಏನ್ ಮಾಡ್ತಿ?"

"ಬೈತೇನಿ."

ನಕ್ಕಳು. "ನಿನ್ನ ಬಾಯಿಗೆ ಹಂದಿ ಅಲ್ಲ, ಹುಲಿ ಬಂದ್ರೂ ಓಡತೈತಿ, ಅದು ಖರೇ. ಕಿವಿ ಅಷ್ಟು ಹೋಗೇತೇನ ಮಾವಾರದು?"

"ಹೋಗೇತಿ" ಅಂದೆ. ಅವಳು ಹೋಗಿ ಮಷಿನ್ ಬಂದ್ ಮಾಡಿದಳು.

ಜೋಳದ ಹಿಟ್ಟಿನ ತಗಡಿನ ಡಬ್ಬಿ ಬರಿದು ಮಾಡಿಕೊಂಡು ಕಬ್ಬಿನ ಬದುವಿನ ಮೇಲೆ ಕುಳಿತೆ. ಕಬ್ಬು ಸರಕ್ ಅಂದಾಗಲೆಲ್ಲ ಬಡಿದೆ. ಸರಕ್ ಅನ್ನದಿದ್ದಾಗಲೂ, ಹೆದರಿಕೆಗೆ, ಬಡಿದೆ. ನೀಲವ್ವ ಎಲೆ ಅಡಿಕೆ ತಂದು ಪಕ್ಕದಲ್ಲಿ ಕುಳಿತಳು. ಮೊದಲನೆಯ ಸಂಜೆ ಏನೂ ಬರಲಿಲ್ಲ. ಮತ್ತೊಂದು ಸಂಜೆಯೂ ಇಲ್ಲ. ಕೈ ಬಾತುಕೊಂಡಿತು, ಆದರೂ ಹೋದೆ. ಆ ಮುಂದಿನ ಸಂಜೆ, ಹೊತ್ತು ಮುಳುಗಿ ಇನ್ನೂ ಕೆಂಪು ಇರುವಾಗ, ಇವರು ಧೋತರ ಎತ್ತಿ ಹಿಡಿದು ಬದುವಿನ ಗುಂಟ ಓಡಿ ಬಂದರು.

"ಹೇಳಿದ್ರು! ಹೆಸರು ಹೇಳಿದ್ರು! ಎರಡು ಸಲ! ಹಿಂದ ಡೋಲು ಬ್ಯಾರೆ ಬಾರಸಾಕತ್ತಿದ್ರು, ಅಗದಿ ಜೋರು!"

ನೀಲವ್ವ ನನ್ನ ಡಬ್ಬಿ ನೋಡಿದಳು. ನಾನೂ ನೋಡಿದೆ. ಅದು ಪೂರಾ ನಗ್ಗಿತ್ತು. ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ನನ್ನ ಸ್ವಭಾವವಲ್ಲ. "ಡೋಲು ಅಲ್ರೀ ಅದು. ನನ್ನ ಡಬ್ಬಿ" ಎಂದು ಬಲಗಿವಿಗೆ ಒದರಿದೆ.

"ಹೋಗ್ ಹೋಗ. ಅದು ತಾಳದಾಗಿತ್ತು. ನೀ ಭಜನ್ಯಾಗ ಚಪ್ಪಾಳಿ ಹೊಡದ್ರ ಹಾಡವ್ರು ಎದ್ದು ಹೋಗ್ತಾರ."

ಒಳಗೆ ಹೋಗಿ ನಡುಗಡ್ಡೆಯವರಿಗೆ ಕಾಗದ ಬರೆಯಲು ಕುಳಿತರು, ಅದರಲ್ಲಿ ಡೋಲಿನ ವಿಷಯವನ್ನೂ ಬರೆದರು. ನನಗೆ ನಿದ್ದೆ ಹತ್ತಲಿಲ್ಲ. ಡೋಲು ನನ್ನ ಡಬ್ಬಿಯದಾದರೆ ಹೆಸರು ಎಲ್ಲಿಯದು? ಬದುವಿನ ಮೇಲೆ ನಾನು ನೀಲವ್ವ ಮಾತಾಡಿದ್ದನ್ನೇ ಇವರು ಏನೋ ಕೇಳಿಕೊಂಡು ಕುಣಿದರೆ? ಅಷ್ಟು ವರ್ಷದ ಆಸೆ ಜೋಳದ ಹಿಟ್ಟಿನ ಡಬ್ಬಿಯಿಂದ ತೀರಿದರೆ?

ಮರುದಿನ ಮುಂಜಾನೆ ಇವರು ಅಂಗಳದ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕುಳಿತು ಚಹಾ ಕುಡಿಯುತ್ತಿದ್ದರು. ಡಬ್ಬಿ ತೆಗೆದುಕೊಂಡು ಹಿಂದೆ ನಿಂತು ಬಡಿದೆ. ತಿರುಗಲಿಲ್ಲ. ಇನ್ನಷ್ಟು ಹತ್ತಿರ ಹೋಗಿ, ಬೇವಿನ ಗಿಡದ ಕಾಗೆಗಳೆಲ್ಲ ಏಳುವ ಹಾಗೆ ಬಡಿದೆ. ಚಹಾ ಊದಿಕೊಂಡರು, ತಿರುಗಲಿಲ್ಲ. ಬೆನ್ನ ಹಿಂದಿನ ಡಬ್ಬಿಯೇ ಕೇಳದವರಿಗೆ ಬದುವಿನ ಮೇಲಿನದು ಎಲ್ಲಿಂದ ಕೇಳೀತು? ಹಾಗಾದರೆ ಡೋಲು ನಡುಗಡ್ಡೆಯದೇ. ಹೆಸರೂ ಅವರದೇ. ಒಳ್ಳೆಯದಾಯಿತು ಎಂದು ಡಬ್ಬಿ ಇಳಿಸಿದವಳಿಗೆ ಏನು ತೋಚಿತೋ ಕಾಣೆ, ಒಡಪು ಇಲ್ಲ, ಪ್ರಾಸ ಇಲ್ಲ, ಅವರ ಹೆಸರು ಹಿಡಿದು ಜೋರಾಗಿ ಕರೆದೆ.

ಬೇಲಿಯಾಚೆ ನೀಲವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಯವ್ವಾ! ಯಕ್ಕಾ, ಮಾವಾರ ಹೆಸರು ಹಿಡದು ಕರದೇನ?"

"ಅವ್ರಿಗೆ ಕೇಳಿಲ್ಲ" ಅಂದೆ. "ಕೇಳದ ಹೆಸರು ಲೆಕ್ಕಕ್ಕಿಲ್ಲ." ನಗ್ಗಿದ ಡಬ್ಬಿಗೆ ಹಿಟ್ಟು ತುಂಬಲು ಒಳಗೆ ಹೋದೆ.