ಎಸೆಂಗುಲನ ಬೆಚ್ಚನೆ ನೆಲ

ಎಸೆಂಗುಲನಿಗೆ ತನ್ನ ಮನೆಯ ನೆಲದ ಮೇಲೆ ಇದ್ದಷ್ಟು ಸಿಟ್ಟು ಭೂಮಿಯ ಮೇಲೆ ಬೇರೆ ಯಾರ ಮೇಲೂ ಇರಲಿಲ್ಲ. ಕರಕೋಲ್ ಪಟ್ಟಣದ ಹಳೇ ಬೀದಿಯಲ್ಲಿ ಅವನಜ್ಜ ಕೊಂಡ ಮರದ ಮನೆ ಅದು. ನೆಲವೂ ಮರದ್ದೇ. ಮಣ್ಣಿನಿಂದ ಗೇಣುದ್ದ ಮೇಲೆ ತೊಲೆ ಕೂರಿಸಿ, ಅದರ ಮೇಲೆ ಹಲಗೆ ಹೊಡೆದಿದ್ದರು. ಆ ಗೇಣುದ್ದದ ಸಂದಿಯಲ್ಲಿ ಬೆಟ್ಟದಿಂದಿಳಿದ ಗಾಳಿ ಚಳಿಗಾಲವಿಡೀ ಬಿಡಾರ ಹೂಡುತ್ತಿತ್ತು. ಒಲೆಗೆ ಎಷ್ಟು ಕಲ್ಲಿದ್ದಲು ಸುರಿದರೂ ಮೂಗು ಬೆವರುತ್ತಿತ್ತೇ ಹೊರತು ಹಿಮ್ಮಡಿ ಮಾತ್ರ ಮಂಜುಗಡ್ಡೆ.

"ಈ ಸಲ ನೆಲಕ್ಕೂ ಕಂಬಳಿ ಹೊದಿಸೋದೇ," ಎಂದು ಒಂದು ದಿನ ಚಹಾದ ಬಟ್ಟಲು ಕೆಳಗಿಟ್ಟು ಘೋಷಿಸಿದ.

ಹೆಂಡತಿ ಬಾತ್ಮಾ ಹಿಟ್ಟು ನಾದುತ್ತಲೇ ಕೇಳಿದಳು, "ನೆಲದ ಕೆಳಗೆ ಬೆಕ್ಕೇ ತೆವಳ್ಕೊಂಡು ಹೋಗತ್ತೆ. ನಿಮ್ಮ ಹೊಟ್ಟೆ ತೂರತ್ತಾ?"

"ಕೆಳಗಿಂದ ಯಾರು ಹೋಗ್ತಾರೆ? ಎಲ್ಲಾ ಮೇಲಿಂದಲೇ. ಹಳೇ ಹಲಗೆ ಮೇಲೆ ಮರದ ಪಟ್ಟಿ ಹೊಡೆಯೋದು, ಪಟ್ಟಿ ಮಧ್ಯೆ ಉಣ್ಣೆ ತುಂಬೋದು, ಮೇಲೆ ಹೊಸ ಹಲಗೆ. ಮುಗೀತು!"

"ಉಣ್ಣೆ ಯಾರ ಮನೇದು?"

ಎಸೆಂಗುಲ ಅಟ್ಟದ ಕಡೆ ನೋಡಿದ. ಬಾತ್ಮಾ ಬೇಸಿಗೆಯೆಲ್ಲ ಬೆನ್ನು ಬಗ್ಗಿಸಿ ತೊಳೆದು, ಒಣಗಿಸಿ, ಹಿಂಜಿಟ್ಟ ಮೂಟೆಗಳು ಅಲ್ಲಿದ್ದವು. ಅವಳು ಗಂಡನ ಕಣ್ಣಿನ ಜಾಡು ಹಿಡಿದಳು. ಹಿಟ್ಟಿನ ಕೈ ಕೊಡವಿ ಹೇಳಿದಳು, "ತಗೊಳ್ಳಿ. ಆದ್ರೆ ಅಮ್ಮನ ಕೋಣೆಗೆ ಮೊದಲು."

ಅಮ್ಮ ಎಂದರೆ ಬಾತ್ಮಾಳ ತಾಯಿ ಉರ್ಕುಯಾ; ಹಿರಿಯ ಹೆಂಗಸರನ್ನು ಕರೆಯುವ ಹಾಗೆ ಎಲ್ಲರಿಗೂ ಅಪಾ. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು, ಮೂಲೆಯ ಸಣ್ಣ ಕೋಣೆಯಲ್ಲಿ ಇದ್ದಾಳೋ ಇಲ್ಲವೋ ಅನ್ನುವ ಹಾಗೆ ಇದ್ದಳು.

"ಛೆ ಛೆ! ಹಿರಿಯರ ಮೇಲೆ ಪ್ರಯೋಗ ಮಾಡೋದಾ?" ಎಂದ ಎಸೆಂಗುಲ. "ಮೊದಲು ನಮ್ಮ ಕೋಣೆ. ಕೆಟ್ಟರೆ ನಮ್ಮದು ಕೆಡಲಿ. ಅಷ್ಟಕ್ಕೂ ಅಪಾ ಯಾವತ್ತಾದರೂ ಚಳಿ ಅಂದಿದ್ದಾರಾ?" (ಈ ತ್ಯಾಗದ ಒಳಗೆ ಬಚ್ಚಿಟ್ಟುಕೊಂಡಿದ್ದದ್ದು ಸ್ವಂತ ಹಿಮ್ಮಡಿ ಎಂದು ಬೇರೆ ಹೇಳಬೇಕಿಲ್ಲ.)

ಅಪಾ ಒಂದು ದಿನವೂ ಚಳಿ ಅಂದಿರಲಿಲ್ಲ. ಬಾತ್ಮಾ ಮತ್ತೆ ಹಿಟ್ಟಿಗೆ ಕೈಹಾಕಿದಳು.

ಬಾತ್ಮಾ ನೆಂಟರ ಮನೆಯ ಔತಣಕ್ಕೆ ಹೊರಟ ಭಾನುವಾರವೇ ನೆಲೋದ್ಧಾರಕ್ಕೆ ಮುಹೂರ್ತ ಕೂಡಿಬಂತು. ಎಸೆಂಗುಲ ಕಿಟಕಿಯ ಕಡೆಯಿಂದ ಶುರುಮಾಡಿದ. ಪಟ್ಟಿ ಹೊಡೆದ, ನುಸಿ ಹತ್ತದ ಹಾಗೆ ಒಣ ಮಾಚಿಪತ್ರೆ ಉದುರಿಸಿದ, ಉಣ್ಣೆ ತುಂಬಿದ, ಹಲಗೆ ಕೂರಿಸಿದ. ಉಣ್ಣೆ ಅವನ ಲೆಕ್ಕಕ್ಕಿಂತ ಬೇಗ ಕರಗಿತು. ಅಪಾ ಕೋಣೆಗೆಂದು ಎತ್ತಿಟ್ಟ ಮೂಟೆಯನ್ನೂ ಬಿಚ್ಚಿದ. ಮಧ್ಯಾಹ್ನ ಅಪಾ ಚಹಾ ತಂದಳು. ಶಾಖ ಹೊರಗೆ ಹೋಗದಿರಲೆಂದು ಬಾಗಿಲು ಮುಚ್ಚಿ, ಬಾಗಿಲ ಹತ್ತಿರದ ಹೊಸ ಹಲಗೆಯ ಮೇಲೆ ಮೆಲ್ಲಗೆ ಕೂತಳು. ಎಸೆಂಗುಲ ಹುರುಪಿನಲ್ಲಿ ಬಾಗಿಲ ಬುಡದ ಕೊನೆಯ ಹಲಗೆಗಳಿಗೂ ಮೊಳೆ ಹೊಡೆದು, ಬೆವರು ಒರೆಸಿಕೊಂಡು ಎದ್ದ.

ಬಾಗಿಲು ಎಳೆದ. ಬರಲಿಲ್ಲ.

ಆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ನೆಲ ನಾಲ್ಕು ಬೆರಳು ಮೇಲೆದ್ದು ಅದರ ಪಾದವನ್ನು ಕಚ್ಚಿ ಹಿಡಿದಿತ್ತು. ಕಿಟಕಿಯ ಸಂದಿಗಳಿಗೆ ಚಳಿಗಾಲಕ್ಕೆಂದು ಹತ್ತಿ ತುರುಕಿ ಕಾಗದ ಅಂಟಿಸಿದವನೂ ಅವನೇ.

"ಏನಾಯ್ತು ಅಳಿಯಾ?"

"ಏನಿಲ್ಲ ಅಪಾ. ಬಾಗಿಲು... ಯೋಚನೆ ಮಾಡ್ತಾ ಇದೆ."

ಕೊನೆಯ ಹಲಗೆಗಳನ್ನು ಕಿತ್ತರೆ ಆಯಿತೆಂದು ಮೀಟುಗೋಲು ಎತ್ತಿಕೊಂಡ. "ಅಪಾ, ಸ್ವಲ್ಪ ಈ ಕಡೆ ಸರೀರಿ, ಹಲಗೆ ಕೀಳ್ಬೇಕು."

ಅಪಾ ಸರಿಯಲಿಲ್ಲ. ಎರಡೂ ಅಂಗೈಯನ್ನು ನೆಲಕ್ಕೊತ್ತಿ ಕೂತಿದ್ದಳು.

"ಈಗಲೇ ಕೀಳ್ಬೇಕಾ? ಸ್ವಲ್ಪ ಹೊತ್ತು ಇರಲಿ."

"ಯಾಕೆ ಅಪಾ, ಮಂಡಿ ನೋವಾ?"

"ನೋವು ಹೋಗ್ತಾ ಇದೆ, ಅದಕ್ಕೇ." ಅಂಗೈಯಿಂದ ಹಲಗೆ ಸವರುತ್ತಾ ಹೇಳಿದಳು, "ಆ ಕೋಣೇಲಿ ನಮಾಜಿಗೆ ಕೂತ್ರೆ ಮತ್ತೆ ಏಳೋಕಾಗಲ್ಲ ಮಗಾ. ಗೋಡೆ ಹಿಡ್ಕೊಂಡು ಏಳ್ತೀನಿ. ಒಂದೊಂದ್ ಸಲ ಏಳದೇ ಅಲ್ಲೇ ಇರ್ತೀನಿ, ಬಾತ್ಮಾ ಒಲೆ ಹಚ್ಚೋವರೆಗೂ."

"ಹೇಳಬಾರದಿತ್ತಾ?"

"ಮಗಳ ಮನೇಲಿ ಇರೋಳು ನಾನು. ಅನ್ನ ಹಾಕಿದೋರಿಗೆ ನಿಮ್ಮ ನೆಲ ತಣ್ಣಗಿದೆ ಅಂತ ಹೇಳ್ತಾರಾ?"

ಎಸೆಂಗುಲ ಮೀಟುಗೋಲು ಕೆಳಗಿಟ್ಟ. ಖಾಲಿ ಮೂಟೆಯ ಕಡೆ ನೋಡಲಾಗಲಿಲ್ಲ. ಅತ್ತೆಯ ಎದುರು ಮಂಡಿಯೂರಿ ಕೂತು, ಯೋಚಿಸದೆ, ಮನಃಪೂರ್ತಿ ಹೇಳಿಬಿಟ್ಟ, "ಅಪಾ, ಈ ಕೋಣೆ ನಿಮ್ಮದು. ಇವತ್ತಿಂದಲೇ."

ಹೇಳಿ ಮುಗಿಸಿದ ಮೇಲೆ ಅವನ ಹಿಮ್ಮಡಿಗೆ ಸುದ್ದಿ ಮುಟ್ಟಿತು. "ಅಂದ್ರೆ... ವಸಂತದಲ್ಲಿ ಹೊಸ ಉಣ್ಣೆ ಬರೋವರೆಗೆ..." ಎಂದು ಮಾತಿಗೊಂದು ಬಾಲ ಅಂಟಿಸಲು ನೋಡಿದ.

"ಕೇಳಿಸ್ತು!" ಎಂದಿತು ಬಾಗಿಲಾಚೆಯಿಂದ ಬಾತ್ಮಾಳ ದನಿ. ಅವಳು ಯಾವಾಗ ಬಂದಳೋ! "ಮೊದಲನೇ ಮಾತು ಚೆನ್ನಾಗಿ ಕೇಳಿಸ್ತು. ಎರಡನೇದು ಕೇಳಿಸ್ಲಿಲ್ಲ. ಬಾಗಿಲು ತೆಗೀರಿ."

"ಬರಲ್ಲ ಕಣೇ!"

"ಕೊಡಲಿ ತರಲಾ?"

"ಬಾಗಿಲು ನಮ್ಮಜ್ಜನ ಕಾಲದ್ದು!"

"ಅಜ್ಜ ಬುದ್ಧಿವಂತರು. ಬಾಗಿಲು ತೆರೆಯೋ ಹಾಗೆ ಇಟ್ಟಿದ್ರು."

ತಲೆಮಾರುಗಳ ಬಣ್ಣ ಕುಡಿದಿದ್ದ ತಿರುಪುಗಳನ್ನು ಉಳಿಯಿಂದ ಕೆರೆದು, ಕೀಲು ಬಿಚ್ಚಿ, ಬಾಗಿಲನ್ನು ವಾಲಿಸಿ ಎತ್ತಿಡುವಷ್ಟರಲ್ಲಿ ಅವನ ಬೆರಳೆಲ್ಲ ಗಾಯ. ಅಪಾ ಅಷ್ಟೂ ಹೊತ್ತು ಕಾಲು ಚಾಚಿಕೊಂಡು ಚಹಾ ಕುಡಿದಳು. ಮರುದಿನ ಬಾಗಿಲ ಬುಡ ಕುಯ್ದು ಕೂರಿಸಿದ್ದಾಯಿತು. ಅಪಾಳ ರಜಾಯಿಗಳು ಈ ಕೋಣೆಗೆ ಬಂದವು, ಎಸೆಂಗುಲ ದಂಪತಿಗಳು ಮೂಲೆ ಕೋಣೆಗೆ ಹೋದರು. ಅಲ್ಲಿ ಅವನು ಮೊದಲ ಬೆಳಿಗ್ಗೆ ನೆಲಕ್ಕೆ ಕಾಲಿಟ್ಟು ಹೊರಡಿಸಿದ ಸದ್ದಿಗೆ ಬೀದಿನಾಯಿ ಉತ್ತರ ಕೊಟ್ಟಿತಂತೆ. ಆದರೂ ಗೋಡೆಯಾಚೆ ಅತ್ತೆ ಏನೂ ಹಿಡಿಯದೆ ಎದ್ದು ಓಡಾಡುವುದು ಕೇಳಿದಾಗ ಅವನ ಬೈಗುಳ ಬಾಯಲ್ಲೇ ಉಳಿಯಿತು.

ವಾರ ಕಳೆಯುವಷ್ಟರಲ್ಲಿ ಅಪಾಳ ತಂಗಿ ಜುಮಾಗುಲ್ ಅಕ್ಕನ ನೆಲ ನೋಡಲು ಬಂದಳು, ಚಳಿಗಾಲ ಮುಗಿಯುವವರೆಗೆ ಸಾಕಾಗುವಷ್ಟು ದೊಡ್ಡ ಪೆಟ್ಟಿಗೆಯ ಜೊತೆ. ಎಸೆಂಗುಲ ಅದನ್ನು ಬೆನ್ನ ಮೇಲೆ ಹೊತ್ತು ಒಳಗೆ ತರುತ್ತಿದ್ದ. ಜುಮಾಗುಲ್ ಬರಿಗಾಲಲ್ಲಿ ಹಲಗೆಯ ಮೇಲೆ ನಿಂತು ಕಣ್ಣು ಮುಚ್ಚಿದಳು.

"ಅಕ್ಕಾ, ನಿನ್ನಳಿಯ ಚಿನ್ನ! ನನ್ನಳಿಯನೂ ಹೀಗೇ ನೆಲ ಮಾಡಿಸಿದ. ಮೊದಲು ಯಾರ ಕೋಣೆಗೆ ಗೊತ್ತಾ? ತನ್ನದಕ್ಕೇ! ನಾಚಿಕೆಗೆಟ್ಟೋನು!"

"ಎಲ್ಲರೂ ಹಾಗಿರಲ್ಲ ಕಣೇ," ಎಂದಳು ಅಪಾ ಹೆಮ್ಮೆಯಿಂದ. "ನಮ್ಮ ಎಸೆಂಗುಲ ಮಾಡಿದ್ದೇ ನನಗೋಸ್ಕರ. ಕೇಳು ಬೇಕಾದ್ರೆ."

ಎಸೆಂಗುಲ ಪೆಟ್ಟಿಗೆ ಇಳಿಸದೆ ಬಗ್ಗಿಯೇ ನಿಂತ. ಬಾತ್ಮಾ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ಅಡಿಗೆಮನೆಗೆ ಓಡಿದಳು.